ನಮ್ಮಿಬ್ಬರಿಗೂ ಸೇರಿ ಒಂದೇ ಪಿತ್ತಕೋಶವೇ?

‘ಎಲ್ಲರಿಗೂ ಆರೋಗ್ಯ’ ಯೋಜನೆಯ ಮೇಲಧಿಕಾರಿಗಳಾದ ಮಾನ್ಯರೇ,

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ಹಿಡಿದಿಟ್ಟು, ರಾತ್ರಿಯ ಪಾತ್ರೆ ತೊಳೆದು, ದೇವರ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, ಆಮೇಲೆ ಈ ಕಾಗದ ಬರೆಯಲು ಹಿಡಿದಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಸುಳ್ಳು ಹೇಳಿದರೆ ಎರಡು ಪಾಪ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹಾಗಾಗಿ ಇದರಲ್ಲಿ ಇರುವುದೆಲ್ಲ ನಿಜವೆಂದು ತಿಳಿದು ಓದಬೇಕು. ನನ್ನ ದೂರು ಇಷ್ಟೇ. ಮೂರು ವರ್ಷದ ಹಿಂದೆ ನಿಮ್ಮ ಯೋಜನೆಯಲ್ಲಿ ನನ್ನ ಪಿತ್ತಕೋಶ ತೆಗೆದರು. ಈಗ ನನ್ನ ನಾದಿನಿಯ ಪಿತ್ತಕೋಶ ತೆಗೆಯಬೇಕಾಗಿದೆ. ಅವಳದ್ದನ್ನು ಆಗಲೇ ತೆಗೆದಾಗಿದೆ ಎಂದು ನಿಮ್ಮ ಕಚೇರಿ ಹೇಳುತ್ತಿದೆ. ಇನ್ನೂ ಒಳಗೇ ಇದೆ ಎಂದು ಡಾಕ್ಟರು ಹೇಳುತ್ತಾರೆ, ಸ್ಕ್ಯಾನು ಹೇಳುತ್ತದೆ, ಊಟವಾದ ಅರ್ಧ ಗಂಟೆಗೆ ಅವಳ ನೋವೂ ಹೇಳುತ್ತದೆ. ಇಲ್ಲ ಎನ್ನುತ್ತಿರುವವರು ನೀವೊಬ್ಬರೇ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ನೀವು ಒಂದು ಸಲ ನಮ್ಮ ಲಾಂಡ್ರಿಗೆ ಬರಬೇಕು. ಬರುವುದಿಲ್ಲ, ಗೊತ್ತು; ನಾನೇ ಹೇಳುತ್ತೇನೆ. ನಾನೂ ನನ್ನ ನಾದಿನಿಯೂ ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿರುವ ಬಟ್ಟೆ ಒಗೆಯುವ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತೇವೆ. ಒಗೆಯುವುದು ಯಂತ್ರ, ಮಡಿಸುವುದು ನಾವು. ಆಸ್ಪತ್ರೆಯ ಚಾದರ ಮನೆಯ ಚಾದರದ ಹಾಗಲ್ಲ, ಒಬ್ಬಳ ಕೈಗೆ ಅದು ಬಗ್ಗುವುದಿಲ್ಲ. ಈ ತುದಿಗೊಬ್ಬಳು, ಆ ತುದಿಗೊಬ್ಬಳು ನಿಂತು, ಎಳೆದು, ಕೊಡವಿ, ಹತ್ತಿರ ಬಂದು ಅಂಚಿಗೆ ಅಂಚು ಸೇರಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ಹಾಗಾಗಿ ನಮ್ಮಲ್ಲಿ ಯಾರಿಗೂ ಒಂಟಿ ನಂಬರ್ ಇಲ್ಲ, ಜೋಡಿಗೊಂದು ನಂಬರ್. ನಾವಿಬ್ಬರು ಒಂಬತ್ತು. ಮಡಿಸಿದ ಕಟ್ಟಿನ ಮೇಲೆ ಒಂಬತ್ತು ಎಂಬ ಚೀಟಿ ಇಟ್ಟು ವಾರ್ಡಿಗೆ ಕಳಿಸುತ್ತೇವೆ. ಕಲೆ ಉಳಿದಿದ್ದರೆ ನರ್ಸಮ್ಮ ಅಲ್ಲಿಂದಲೇ, “ಒಂಬತ್ತು, ಕಣ್ಣು ಎಲ್ಲಿಟ್ಟಿದ್ರಿ?” ಎನ್ನುತ್ತಾಳೆ. ಯಾರ ಕಣ್ಣು ಎಂದು ಅವಳೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇಬ್ಬರೂ ಬೈಸಿಕೊಳ್ಳುತ್ತೇವೆ.

ನಿಮ್ಮ ಯೋಜನೆ ಬಂದಾಗ ಒಂದು ಅರ್ಜಿ ಕೊಟ್ಟಿರಿ. ಅದರಲ್ಲಿ ‘ಕೆಲಸದ ಸ್ಥಳದಲ್ಲಿ ನಿಮ್ಮ ಸಂಖ್ಯೆ’ ಎಂದಿತ್ತು. ನಾನು ಒಂಬತ್ತು ಎಂದು ಬರೆದೆ. ಅವಳೂ ಒಂಬತ್ತು ಎಂದು ಬರೆದಳು. ಲಾಂಡ್ರಿಯ ಇಪ್ಪತ್ತಾರು ಹೆಂಗಸರೂ ಹಾಗೇ ಬರೆದರು. ಸಂಬಳದ ಚೀಟಿಯ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಬೇರೊಂದು ಉದ್ದ ಸಂಖ್ಯೆ ಇರುತ್ತದೆಂದೂ, ನೀವು ಕೇಳಿದ್ದು ಅದನ್ನೆಂದೂ ನಮಗೆ ಯಾರೂ ಹೇಳಲಿಲ್ಲ. ನಾವಿಬ್ಬರೂ ಒಂದೇ ಮನೆಯವರು, ಒಂದೇ ಮನೆತನದ ಹೆಸರು, ಹುಟ್ಟಿದ ವರ್ಷವೂ ಒಂದೇ. ನಿಮ್ಮ ಕಂಪ್ಯೂಟರ್ ಇದನ್ನೆಲ್ಲ ನೋಡಿ, ಇಬ್ಬರನ್ನೂ ಅಂಚಿಗೆ ಅಂಚು ಸೇರಿಸಿ ನೀಟಾಗಿ ಮಡಿಸಿ ಒಬ್ಬಳನ್ನಾಗಿ ಮಾಡಿಬಿಟ್ಟಿತು. ತಪ್ಪು ಬರೆದವರು ನಾವು, ಒಪ್ಪುತ್ತೇನೆ. ಆದರೆ ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದೆಂದು ಅಷ್ಟರೊಳಗೇ ಕಲಿಸಿದ್ದರು. ನನಗೆ ಕಲ್ಲಾಗಿದ್ದಕ್ಕೆ ಅವಳ ಪಿತ್ತಕೋಶವನ್ನು ಲೆಕ್ಕದಿಂದ ತೆಗೆಯುವುದು ಯಾವ ತರಗತಿಯ ಪಾಠ?

ಕಳೆದ ತಿಂಗಳು ಅವಳಿಗೆ ಮೂರನೆಯ ಸಲ ನೋವು ಬಂತು. ಇಪ್ಪತ್ತೆರಡು ಚಾದರ ಮಡಿಸಿ ಇಪ್ಪತ್ತಮೂರನೆಯದರ ನಡುವೆ ಆ ತುದಿಯಲ್ಲಿ ಕೂತುಬಿಟ್ಟಳು. ಡಾಕ್ಟರು ನೋಡಿ, ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡರೆ ಮೈಯೆಲ್ಲ ಹಳದಿಯಾಗುತ್ತದೆ, ಆಮೇಲೆ ಜೀವಕ್ಕೇ ಕಷ್ಟ, ತಡ ಮಾಡಬೇಡಿ ಎಂದು ಬರುವ ತಿಂಗಳ ಹದಿನೆಂಟನೇ ತಾರೀಖು ಕೊಟ್ಟರು. ಅಷ್ಟರೊಳಗೆ ನಿಮ್ಮ ಮಂಜೂರಾತಿ ಬೇಕು. ಬರದಿದ್ದರೆ ಮುಂದಿನ ಸರದಿ ನಾಲ್ಕು ತಿಂಗಳಿಗೆ. ಈಗ ಅವಳು ಎಣ್ಣೆ ಮುಟ್ಟಿಸದ ಬೇಯಿಸಿದ ತರಕಾರಿ ತಿಂದು ದಿನ ನೂಕುತ್ತಿದ್ದಾಳೆ. ನಾನು ವಾರಕ್ಕೊಂದು ದಿನ ದೇವರಿಗಾಗಿ ಉಪವಾಸ ಮಾಡುತ್ತೇನೆ, ಅವಳು ದಿನಾಲೂ ನಿಮಗಾಗಿ ಮಾಡುತ್ತಾಳೆ. ಪುಣ್ಯ ಯಾರಿಗೆ ಹೆಚ್ಚು ಬರುತ್ತದೆಂದು ಮೊನ್ನೆ ನನ್ನನ್ನೇ ಕೇಳಿದಳು. ಇಬ್ಬರ ಖಾತೆಯೂ ಒಂದೇ ಅಲ್ಲವೇನೇ, ಯಾರಿಗೆ ಬಂದರೇನು ಎಂದೆ. ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು. ಇನ್ನು ಮೇಲೆ ಅವಳ ಮುಂದೆ ತಮಾಷೆ ಮಾಡುವುದಿಲ್ಲವೆಂದು ನಿಶ್ಚಯ ಮಾಡಿದ್ದೇನೆ. ಅದಕ್ಕೇ ನಿಮ್ಮ ಮುಂದೆ ಮಾಡುತ್ತಿದ್ದೇನೆ.

ಮಂಜೂರಾತಿ ಕೇಳಲು ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು. ನಾಲ್ಕನೆಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಕೆಟ್ಟವನಲ್ಲ. ನೀರು ಬೇಕಾ ಎಂದು ಕೇಳಿದ. ಆಮೇಲೆ ಪರದೆ ನೋಡಿ ಹೇಳಿದ:

“ಅಮ್ಮಾ, ನಿಮ್ಮ ಪಿತ್ತಕೋಶ ತೆಗೆದಾಗಿದೆಯಲ್ಲ.”

“ತೆಗೆದಿದ್ದು ಇವಳದ್ದು ಕಣಪ್ಪ, ನಮ್ಮತ್ತಿಗೇದು,” ಎಂದು ನಾದಿನಿ ನನ್ನನ್ನು ತೋರಿಸಿದಳು.

“ಇಲ್ಲಿ ಅತ್ತಿಗೆ ಅಂತ ಯಾರೂ ಬರ್ತಾ ಇಲ್ಲ.”

“ಬರ್ತಾ ಇಲ್ಲ ಅಂದ್ರೆ? ಬಂದು ನಿಂತಿದ್ದಾಳೆ. ಕೈ ಹಾಕಿ ನೋಡು.”

“ನಿಂತಿದ್ದಾರೆ, ನಾನು ಇಲ್ಲ ಅಂತೀನಾ? ಆದ್ರೆ ಇದರಲ್ಲಿ ಇಲ್ಲ.”

“ಹೊಲಿಗೆ ಗುರುತು ನನ್ನ ಹೊಟ್ಟೆ ಮೇಲಿದೆ, ತೋರಿಸಲಾ?” ಎಂದೆ.

“ಬೇಡಮ್ಮ, ದಯವಿಟ್ಟು ಬೇಡ,” ಎಂದು ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

“ಹಾಗಾದ್ರೆ ಅವಳಿಗೆ ನೋಯ್ತಿರೋದು ಏನು?”

“ಅದು ಡಾಕ್ಟರ ವಿಷಯ. ನಾವು ಅರ್ಹತೆ ಮಾತ್ರ ನೋಡೋದು.”

ತಿದ್ದುಪಡಿಗೆ ಏನು ಮಾಡಬೇಕೆಂದು ಕೇಳಿದೆವು. ದಾಖಲೆಯಲ್ಲಿ ಬಿಟ್ಟುಹೋದ ವ್ಯಕ್ತಿ ತಿದ್ದುಪಡಿ ಅರ್ಜಿಗೆ ಸಹಿ ಹಾಕಬೇಕು ಎಂದ. ಹಾಕುತ್ತೇನೆ ಕೊಡು ಎಂದೆ ನಾನು. ಆದರೆ ಸಹಿ ಹಾಕುವವರು ದಾಖಲೆಯಲ್ಲಿ ಇರಬೇಕಂತೆ. ಅವನಿಗೂ ಪಾಪ ಮುಖ ಸಣ್ಣದಾಯಿತು. ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, “ಒಂದು ದಾರಿ ಇದೆ. ಎರಡನೇ ಪಿತ್ತಕೋಶಕ್ಕೆ ವಿಶೇಷ ಪ್ರಕರಣ ಅಂತ ಅರ್ಜಿ ಹಾಕಿ,” ಎಂದ. ಮಾನ್ಯರೇ, ಹುಟ್ಟಿದ ಪ್ರತಿಯೊಬ್ಬರ ಹೊಟ್ಟೆಯೊಳಗೂ ದೇವರು ಒಂದೊಂದು ಪಿತ್ತಕೋಶ ಇಟ್ಟು ಕಳಿಸಿದ್ದಾನೆ. ಅದಕ್ಕೆ ಅವನು ಅರ್ಜಿ ಕೇಳಲಿಲ್ಲ, ಫಲಾನುಭವಿ ಸಂಖ್ಯೆ ಕೇಳಲಿಲ್ಲ. ‘ಎಲ್ಲರಿಗೂ’ ಎಂದರೆ ಹೇಗಿರಬೇಕೆಂದು ಅವನು ಮಾಡಿ ತೋರಿಸಿದ್ದಾನೆ. ನೀವು ಬೋರ್ಡು ಬರೆಸಿದ್ದೀರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಇಲ್ಲಿ ಪೂಜಾರಿಯೂ ಕೊಡುವವನೇ, ಅವನ ಕೈಗೆ ಕೊಟ್ಟಿರುವ ಪಟ್ಟಿ ಕೊಡುವುದಿಲ್ಲ.

ಅಲ್ಲಿಂದ ಬಂದ ಮೇಲೆ ನಾನು ಪೆಟ್ಟಿಗೆ ತೆಗೆದು ಇಬ್ಬರ ಸಂಬಳದ ಚೀಟಿಗಳನ್ನೂ ಕನ್ನಡಕ ಹಾಕಿಕೊಂಡು ನೋಡಿದೆ. ಆ ಇರುವೆ ಸಾಲಿನ ಸಂಖ್ಯೆ ಅವಳದ್ದೇ ಬೇರೆ, ನನ್ನದೇ ಬೇರೆ. ಅದರ ಕೆಳಗೆ, ತೆರಿಗೆ ಮುರಿದುಕೊಂಡಿದ್ದೇವೆ ಎಂದು ಅವಳ ಚೀಟಿಯಲ್ಲೂ ಇದೆ, ನನ್ನ ಚೀಟಿಯಲ್ಲೂ ಇದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ತಿಂಗಳೂ ನಿಮ್ಮ ಸರ್ಕಾರಕ್ಕೆ ನಾವು ಒಬ್ಬಳೇ ಇರಬಹುದೆಂಬ ಸಂಶಯ ಬಂದಿಲ್ಲ. ‘ಅಯ್ಯೋ, ಒಂಬತ್ತನೇ ನಂಬರಿನವಳ ತೆರಿಗೆ ಆಗಲೇ ಬಂದಿದೆ, ಇನ್ನೊಬ್ಬಳ ಹತ್ತಿರ ತಗೋಬೇಡಿ’ ಎಂದು ಯಾವ ಕಂಪ್ಯೂಟರೂ ತಡೆದಿಲ್ಲ. ತೆಗೆದುಕೊಳ್ಳುವಾಗ ಇಬ್ಬರು, ಕೊಡುವಾಗ ಒಬ್ಬಳು. ಸಾಬೂನು ಕೊಂಡರೂ, ದಾರದುಂಡೆ ಕೊಂಡರೂ ಅದರೊಳಗೆ ನಿಮ್ಮ ಪಾಲು ಇರುತ್ತದಂತೆ. ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿಲ್ಲ ಎಂದೇ ನಾನು ಈ ಕಷ್ಟಕ್ಕೆ ಸಿಕ್ಕಿಕೊಂಡಿದ್ದೇನೆ.

ಏಕೆಂದರೆ ನಾನು ನಿಮ್ಮ ಪಕ್ಷದವಳು. ನಗಬೇಡಿ. ನಮ್ಮಲ್ಲಿ ಬಾಯ್ಲರ್ ನೋಡಿಕೊಳ್ಳುವ ಒಬ್ಬನಿದ್ದಾನೆ, ಎಲ್ಲರೂ ಅವನನ್ನು ಗಟ್ಟಿಯಣ್ಣ ಎನ್ನುತ್ತೇವೆ. ಇಪ್ಪತ್ತು ವರ್ಷದಲ್ಲಿ ಒಂದು ಮಾತ್ರೆ ನುಂಗಿಲ್ಲವಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನಿಗೂ ನನಗೂ ಇದೇ ಜಗಳ.

“ನಾನು ಕಾಯಿಲೆ ಬೀಳಲ್ಲ, ನನ್ನ ತೆರಿಗೇಲಿ ಕಂಡೋರ ಹೊಟ್ಟೆ ಯಾಕೆ ಕೊಯ್ಯಬೇಕು?” ಎನ್ನುತ್ತಾನೆ.

“ನಿನ್ನ ಬಿಸಿನೀರು ಯಾವ ರೋಗಿ ಬಟ್ಟೆಗೆ ಹೋಗುತ್ತೆ ಅಂತ ಕೇಳಿ ಕೇಳಿ ಬಿಡ್ತೀಯಾ?” ಎಂದೆ ಒಂದು ದಿನ.

“ಅದು ನನ್ನ ಕೆಲಸ.”

“ಇದು ಸರ್ಕಾರದ ಕೆಲಸ.”

ಅವನು ತುತ್ತು ಬಾಯಿಗಿಟ್ಟುಕೊಂಡ. ಗೆದ್ದೆನೆಂದುಕೊಂಡೆ. ನಾನು ನಂಬಿರುವುದೂ ಅದನ್ನೇ. ಖಾಸಗಿ ಕೋಣೆಯ ಚಾದರವೂ ಜನರಲ್ ವಾರ್ಡಿನ ಚಾದರವೂ ನಮ್ಮಲ್ಲಿ ಒಂದೇ ಡ್ರಮ್ಮಿನಲ್ಲಿ ತಿರುಗುತ್ತವೆ. ಬೇರೆ ಬೇರೆ ಒಗೆದರೆ ಯಾರ ಬಟ್ಟೆಯೂ ಸಂಜೆಯೊಳಗೆ ಒಣಗುವುದಿಲ್ಲ. ಇವತ್ತು ಗಟ್ಟಿ ಇರುವವರು ಇವತ್ತು ಕೊಡಬೇಕು, ಬಿದ್ದವರು ಇವತ್ತು ಪಡೆಯಬೇಕು, ನಾಳೆ ಯಾರು ಬೀಳುತ್ತಾರೆಂದು ಯಾರಿಗೆ ಗೊತ್ತು? ಕಾಯಿಲೆ ಹೇಳಿ ಕಳಿಸಿ ಬರುತ್ತದೆಯೇ? ಇಷ್ಟು ಮಾಡಿಸುವುದಕ್ಕಲ್ಲದೆ ಸರ್ಕಾರ ಎಂಬುದು ಮತ್ತೆ ಯಾತಕ್ಕೆ, ಕಟ್ಟಡ ಉದ್ಘಾಟನೆಗೋ?

ಆದರೆ ನಾವು ನಿಮ್ಮ ಕಚೇರಿಯಿಂದ ಬಂದ ಮರುದಿನ ಗಟ್ಟಿಯಣ್ಣ ವಿಷಯ ಕೇಳಿ, ಕೈ ತೊಳೆದುಕೊಂಡು ಬಂದು ನನ್ನ ಎದುರೇ ಕೂತ.

“ಅಕ್ಕಾ, ಇಬ್ಬರನ್ನ ಒಬ್ಬರು ಮಾಡೋರ ಕೈಗೆ ಇನ್ನೂ ಜಾಸ್ತಿ ತೆರಿಗೆ ಕೊಡಬೇಕು ಅಂತೀರಲ್ಲ, ಕೊಟ್ಟರೆ ಏನು ಮಾಡ್ತಾರೆ? ನಾಲ್ಕು ಜನಾನ ಒಬ್ಬರು ಮಾಡ್ತಾರೆ.”

ಸುತ್ತ ಕೂತವರೆಲ್ಲ ನಕ್ಕರು. ನಾದಿನಿ ಪಕ್ಕೆ ಹಿಡಿದುಕೊಂಡೇ ನಕ್ಕಳು. ಮಾನ್ಯರೇ, ಎಷ್ಟೋ ವರ್ಷ ನಿಮ್ಮ ಪರವಾಗಿ ಬಿಟ್ಟಿ ವಕಾಲತ್ತು ಮಾಡಿದ್ದೇನೆ. ಕೊನೆಗೆ ನನ್ನನ್ನು ಸೋಲಿಸಿದ್ದು ಗಟ್ಟಿಯಣ್ಣನ ಬುದ್ಧಿಯಲ್ಲ, ನಿಮ್ಮ ನಾಲ್ಕನೆಯ ಕಿಟಕಿ. ಎಲ್ಲರಿಗೂ ಚಿಕಿತ್ಸೆ ಬೇಡ ಎನ್ನುವವರು ಭಾಷಣ ಮಾಡಬೇಕಾಗಿಯೇ ಇಲ್ಲ. ನಿಮ್ಮ ಕಚೇರಿಯನ್ನು ಬೆಳಿಗ್ಗೆ ಹತ್ತಕ್ಕೆ ತೆರೆದಿಟ್ಟರೆ ಸಾಕು.

ಇದರ ನಡುವೆ ಮೊನ್ನೆ ನಿಮ್ಮಿಂದಲೇ ಒಂದು ಲಕೋಟೆ ಬಂತು. ಮಂಜೂರಾತಿ ಎಂದುಕೊಂಡು ನಾದಿನಿ ಒದ್ದೆ ಕೈಯಲ್ಲೇ ಹರಿದಳು. ಒಳಗೆ ಜನಾಭಿಪ್ರಾಯದ ಚೀಟಿ: ‘ಎಲ್ಲ ನಾಗರಿಕರಿಗೂ ಪೂರ್ಣ ಚಿಕಿತ್ಸೆ ಒದಗಿಸಲು ತೆರಿಗೆ ಹೆಚ್ಚಿಸುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಹೌದು ಅಥವಾ ಇಲ್ಲ. ಒಬ್ಬ ವ್ಯಕ್ತಿಗೆ ಒಂದೇ ಉತ್ತರ.’ ಮನೆಗೆ ಬಂದದ್ದು ಒಂದೇ ಚೀಟಿ. ನಾನು ಹೌದು ಎಂದೆ. ಅವಳು ಇಲ್ಲ ಎಂದಳು.

“ಇರೋದನ್ನ ನೆಟ್ಟಗೆ ಕೊಡ್ಲಿ, ಆಮೇಲೆ ಜಾಸ್ತಿ ಕೇಳ್ಲಿ,” ಎಂದಳು.

“ಕೇಳದೆ ಎಲ್ಲಿಂದ ಕೊಡ್ತಾರೆ?”

“ನಿನಗೇನು ಅತ್ತಿಗೆ, ನಿನ್ನದು ತೆಗೆದಾಯ್ತು. ತೆಗೆಸಿಕೊಂಡೋರಿಗೆ ಸರ್ಕಾರ ಒಳ್ಳೇದೇ.”

ಆ ಮಾತಿಗೆ ನಾನು ಅರ್ಧ ದಿನ ಅವಳ ಜೊತೆ ಮಾತಾಡಲಿಲ್ಲ. ಮಾತಾಡದೆ ಚಾದರ ಮಡಿಸಿದೆವು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಂಚು ತಪ್ಪಿತು, ನರ್ಸಮ್ಮ ಕಟ್ಟು ವಾಪಸು ಕಳಿಸಿದಳು. ಅವಳು ಹೇಳಿದ್ದು ನಿಜ, ಅದಕ್ಕೇ ನನಗೆ ಸಿಟ್ಟು. ನನ್ನ ಪ್ರಾಣ ಉಳಿಸಿದ ಯೋಜನೆ ಕೆಟ್ಟದ್ದು ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಅದೇ ಯೋಜನೆ ನನ್ನ ನಾದಿನಿಯ ಪ್ರಾಣದ ಮೇಲೆ ಕೂತಿರುವಾಗ ಒಳ್ಳೆಯದೆನ್ನಲೂ ಆಗುವುದಿಲ್ಲ. ಅವಳು ಮಡಿಸಿದ ಚಾದರ ಆ ಆಪರೇಷನ್ ವಾರ್ಡಿನ ಹಾಸಿಗೆಯ ಮೇಲೆ ಇವತ್ತೂ ಹಾಸಿದೆ. ಅದರ ಮೇಲೆ ಮಲಗುವ ಅರ್ಹತೆ ಅವಳಿಗಿಲ್ಲ ಎಂದು ನೀವು ಹೇಳುತ್ತಿದ್ದೀರಿ.

ನನ್ನ ಬೇಡಿಕೆ ಸಣ್ಣದು. ಒಂಬತ್ತನ್ನು ಬಿಡಿಸಿ ಎರಡು ಮಾಡಿ. ಸಂಬಳದ ಚೀಟಿಯ ಸಂಖ್ಯೆಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ. ನಿಮ್ಮ ತೆರಿಗೆಯ ಕಚೇರಿ ನಮ್ಮನ್ನು ಚೆನ್ನಾಗಿ ಬಲ್ಲದು, ಅವರನ್ನು ಕೇಳಿದರೆ ಸಾಕು. ಹದಿನೆಂಟರೊಳಗೆ ಅವಳಿಗೆ ಮಂಜೂರಾತಿ ಕೊಡಿ. ಉಳಿದ ಹನ್ನೆರಡು ಜೋಡಿಗಳಲ್ಲಿ ಯಾರನ್ನಾದರೂ ಹೀಗೇ ಮಡಿಸಿದ್ದರೆ ಅವರನ್ನೂ ಹೊಟ್ಟೆ ನೋಯುವ ಮುಂಚೆಯೇ ಬಿಡಿಸಿಡಿ. ಗಟ್ಟಿಯಣ್ಣನನ್ನು ನಾನು ನೋಡಿಕೊಳ್ಳುತ್ತೇನೆ.

ಜನಾಭಿಪ್ರಾಯದ ಚೀಟಿ ತುಂಬಿ ಇಟ್ಟಿದ್ದೇವೆ. ‘ಹೌದು’ ಎಂಬಲ್ಲಿ ನನ್ನ ಗುರುತಿದೆ, ‘ಇಲ್ಲ’ ಎಂಬಲ್ಲಿ ಅವಳ ಗುರುತಿದೆ. ಅಂಚೆಗೆ ಹಾಕಿದರೆ ಒಬ್ಬಳೇ ಹುಚ್ಚಿ ಎರಡೂ ಕಡೆ ಗೀಚಿದ್ದಾಳೆ ಎಂದು ನಿಮ್ಮ ಕಂಪ್ಯೂಟರ್ ಎಸೆದುಬಿಡುತ್ತದೆ. ಆದ್ದರಿಂದ ಕಚೇರಿಯಿಂದ ಯಾರನ್ನಾದರೂ ಕಳಿಸಿ, ಉತ್ತರವನ್ನು ಕೈಯಾರೆ ತೆಗೆದುಕೊಂಡು ಹೋಗಲಿ. ಬಾಗಿಲು ತಟ್ಟಿದರೆ ಇಬ್ಬರೂ ಬರುತ್ತೇವೆ. ಬಂದವರು ಎಣಿಸಿಕೊಂಡು ಹೋಗಲಿ.

ಇಂತಿ,
ಒಂಬತ್ತನೆಯ ನಂಬರಿನಲ್ಲಿ
ಪಿತ್ತಕೋಶವಿಲ್ಲದ ಅರ್ಧ