ಮೂರನೇ ಗೂಡಿನ ಹಸಿರು ದೀಪ

ಬೆಟಗೇರಿ, ಫೆಬ್ರವರಿ ಮೂವತ್ತು, 2149

ಈಗಷ್ಟೇ ನರ್ಸಿಂಗ್ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವ, ನೂರಿಪ್ಪತ್ತೈದು ವರ್ಷ ಹಿಂದಿನ ನಿಮಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೇ ದಿನ ಇರಲಿಲ್ಲವಂತೆ. ನಮ್ಮ ಅಜ್ಜಂದಿರ ಕಾಲದಲ್ಲಿ ಪಂಚಾಂಗ ತಿದ್ದಿದವರು, ಪಾಪ ಅದಕ್ಕೇ ಯಾಕೆ ಕಡಿಮೆ ಅಂತ ಎರಡು ದಿನ ಸೇರಿಸಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನಾನು ಬರೆಯುವವನಲ್ಲ, ಮಾತಾಡುವವನು. ಹೆಗಲ ಮೇಲೆ ಬರೆಕಿವಿ ಕೂತಿದೆ, ಅಂದರೆ ಹೇಳಿದ್ದನ್ನು ಕೇಳಿ ಅಕ್ಷರ ಮಾಡುವ ಗುಂಡಿಯಷ್ಟು ಸಣ್ಣ ಯಂತ್ರ. ನನ್ನ ಕೆಮ್ಮೊಂದನ್ನು ಬಿಟ್ಟು ಎಲ್ಲವನ್ನೂ ಬರೆದುಕೊಳ್ಳುತ್ತದೆ. ನಮ್ಮ ಊರಲ್ಲಿ ಐವತ್ತು ತುಂಬಿದವರೆಲ್ಲ ಹಿಂದಿನ ಕಾಲದವರಿಗೆ ಒಂದು ಓಲೆ ಕಳಿಸಬೇಕು. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ನಾಲ್ಕು ಬುದ್ಧಿಮಾತು ಹೇಳಿ ಮುಗಿಸುತ್ತಾರೆ. ನಾನು ನಿಮಗೇ ಹೇಳಲು ಹೊರಟದ್ದಕ್ಕೆ ನನ್ನ ತಂಗಿಯ ಮಗಳು ದಾನೇಶ್ವರಿ ಕಾರಣ.

ಅವಳು ಓದುವಾಗ ನಿಮ್ಮ ಪಾಡು ಪಾಠದಲ್ಲಿ ಬಂದಿತ್ತು. ಪದವಿ ಮುಗಿಸಿ ಮಕ್ಕಳ ವಾರ್ಡೋ ಹೃದಯದ ವಾರ್ಡೋ ಬೇಕೆಂದು ಹೋದರೆ ಎರಡು ವರ್ಷದ ಅನುಭವ ತನ್ನಿ ಅನ್ನುತ್ತಿದ್ದರಂತೆ. ಒಳಗೆ ಬಿಡದೆ ಅನುಭವ ಎಲ್ಲಿಂದ ಬರಬೇಕು? ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂದ ಹಾಗೆ. ನಾವು ಅದನ್ನು ಬಗೆಹರಿಸಿದ್ದೇವೆ ಅಂತ ಜಂಬ ಕೊಚ್ಚುವುದಿಲ್ಲ. ಬೇರೆ ರೀತಿ ಕಷ್ಟ ಮಾಡಿಟ್ಟಿದ್ದೇವೆ, ಅಷ್ಟೇ.

ನಮ್ಮ ಊರಿನ ಬೀದಿಗಳ ಮೇಲೆಲ್ಲ ಈಗ ನೆರಳುಹಾಸು ಇದೆ. ಬಿಸಿಲು ತಡೆಯಲು ಇಲ್ಲಿನ ನೇಕಾರರು ನೇಯುವ ಅಗಲವಾದ ಬಟ್ಟೆ ಅದು, ಮನೆಯಿಂದ ಮನೆಗೆ ಕಟ್ಟಿರುತ್ತಾರೆ. ಅದರ ಕೆಳಗೇ ನಡೆದು ಹೋದರೆ ತೊಟ್ಟಿಲು ವಾರ್ಡು ಸಿಗುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಅಲ್ಲಿರುತ್ತವೆ. ನೀವು ಇನ್‌ಕ್ಯುಬೇಟರ್ ಅನ್ನುತ್ತಿದ್ದ ಪೆಟ್ಟಿಗೆಗೆ ನಾವು ಗೂಡು ಅನ್ನುತ್ತೇವೆ. ಗೂಡಿನ ತಲೆಯ ಮೇಲೆ ದೀಪ: ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಅಪಾಯವಾದರೆ ಕೆಂಪು. ಆ ಗೂಡುಗಳ ರಿಪೇರಿ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ಹೆಸರು ನಿಜಗುಣಿ. ಒಂದು ದಿನ ಮಾತ್ರ ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲ, ಅದನ್ನೇ ಹೇಳಲಿದ್ದೇನೆ.

ಆ ವಾರ್ಡಿಗೆ ಹೊಸಬರನ್ನು ಆರಿಸುವುದು ಆಫೀಸಿನವರಲ್ಲ, ಅಲ್ಲಿನ ನರ್ಸುಗಳೇ. ಅನುಭವ ಕೇಳುವುದಿಲ್ಲ, ಮೌನಪಾಳಿ ಮಾಡಿಸುತ್ತಾರೆ. ಒಂದಿಡೀ ಪಾಳಿ ಹೊಸಬರ ಕೈಗೆ ಮೂರು ಗೂಡು ಕೊಟ್ಟು, ಅಂಕಿ ತೋರಿಸುವ ಪರದೆ ಆರಿಸಿ, ದೀಪಕ್ಕೆ ಕಪ್ಪು ಪಟ್ಟಿ ಅಂಟಿಸುತ್ತಾರೆ. ಅಲಾರಂ ಏನಿದ್ದರೂ ಹಿರಿಯ ಸಿಸ್ಟರ್ ಎಸ್ತೇರಮ್ಮ ಕಟ್ಟಿಮನಿಯವರ ಕಿವಿಯಲ್ಲಿ ಮಾತ್ರ ಕೂಗುತ್ತದೆ, ಕೂಸಿಗೆ ತೊಂದರೆಯಿಲ್ಲ. ಹೊಸಬರು ಕಣ್ಣು, ಕೈ ನಂಬಿ ಆರು ತಾಸು ಕೂತು, ಕೊನೆಗೆ ಯಾವ ಕೂಸು ಹೇಗಿದೆ ಅಂತ ಹೇಳಿ ಪಾಳಿ ಒಪ್ಪಿಸಬೇಕು. ಅವಕಾಶ ಎರಡೇ. ಎರಡೂ ತಪ್ಪಿದರೆ ನಾಲ್ಕು ವರ್ಷ ಬೇರೆ ವಾರ್ಡು ತಿರುಗಿ ಬಂದು ಮತ್ತೆ ಕೇಳಬೇಕು.

ದಾನೇಶ್ವರಿ ಮೊದಲ ಸಲ ಹೆದರಿ, ಪಾಳಿ ಒಪ್ಪಿಸುವಾಗ ಬಾಯಿಯೇ ಬಿಡದೆ ಒಂದು ಅವಕಾಶ ಕಳೆದುಕೊಂಡಳು. ಬೇರೆ ಎಲ್ಲಿಯಾದರೂ ನೋಡು, ಕಣ್ಣಿನ ವಾರ್ಡಿನಲ್ಲಿ ಜಾಗ ಖಾಲಿ ಇದೆ ಅಂದೆ.

"ದೊಡ್ಡವ್ರು ತಮ್ಮ ಬ್ಯಾನಿ ತಾವ ಹೇಳ್ಕೋತಾರ ಮಾಮಾ. ಇವಕ್ಕ ಹೇಳಾಕ ಬರಂಗಿಲ್ಲ. ಹೇಳಾಕ ಬರದವ್ರ ಬಾಜೂ ಯಾರರ ಕುಂದ್ರಬೇಕಲ್ಲ?" ಅಂದಳು.

ಇಷ್ಟು ಹೇಳಿದ ಮೇಲೆ ಯಾವ ಮಾವನ ಕರುಳು ಸುಮ್ಮನಿದ್ದೀತು? ಎರಡನೇ ಮೌನಪಾಳಿಯ ಮುಂಜಾನೆ ದೀಪಗಳಿಗೆ ಪಟ್ಟಿ ಅಂಟಿಸಿದವನು ನಾನೇ. ಮೂರನೇ ಗೂಡಿನಲ್ಲಿ ಎಲ್ಲರಿಗಿಂತ ಸಣ್ಣ ಕೂಸಿತ್ತು, ಹುಲಕೋಟಿಯವರ ಹೆಣ್ಣುಮಗು. ಆ ದೀಪದ ಪಟ್ಟಿಯನ್ನು ಒಂದು ಎಳ್ಳುಕಾಳಿನಷ್ಟು ಸರಿಸಿದೆ, ಅವಳು ಕೂತಲ್ಲಿಂದ ಮಾತ್ರ ಕಾಣುವಂತೆ. ಅವಳಿಗೂ ಹೇಳಲಿಲ್ಲ. ಕಂಡರೆ ಧೈರ್ಯ ಬರುತ್ತದೆ ಅಂದುಕೊಂಡೆ.

ಹನ್ನೊಂದು ಗಂಟೆಗೆ ನಾನು ಪಕ್ಕದಲ್ಲಿ ಗಾಳಿ ಸೋಸುವ ಜಾಳಿಗೆ ಬದಲಿಸುತ್ತಿದ್ದೆ. ದಾನೇಶ್ವರಿ ಎದ್ದು ನಿಂತಳು.

"ಅಕ್ಕಾರ, ಈ ಕೂಸು ಯಾಕೋ ಸರಿ ಇಲ್ರಿ."

"ನನ್ನ ಕಿವ್ಯಾಗ ಏನೂ ಕೂಗಿಲ್ಲವಾ," ಅಂದರು ಎಸ್ತೇರಮ್ಮ. "ಯಾಕೋ ಅಂದ್ರ? ಯಾಕೋ ಅನ್ನೂದು ಯಾವ ರೋಗ?"

"ಮುಂಜಾನೆ ಬಟ್ಟಿ ಬದಲಿ ಮಾಡೂವಾಗ ಕಾಲು ಒದೀತ್ರಿ. ಎರಡನೇ ಸಲ ಬರೇ ಎಳಕೊಂತು. ಈಗ ಹೆಂಗ ಇಟ್ನೋ ಹಂಗ ಬಿದ್ದೈತಿ. ಹೊಟ್ಟಿ ಬಿಗಿ ಆಗೈತಿ. ಹಿಂದಿನ ಹಾಲು ಇನ್ನೂ ಕರಗಿಲ್ಲ."

"ಅಷ್ಟಕ್ಕ ಡಾಕ್ಟರನ್ನ ಕರೀಲೇನು?"

"ಕರೀರಿ. ನಂದು ತಪ್ಪಾದ್ರ ನನ್ನ ಮನಿಗೆ ಕಳಸ್ರಿ. ಮುಂದಿನ ಹಾಲು ಮಾತ್ರ ಕೊಡೂದು ಬ್ಯಾಡ್ರಿ."

ಎಸ್ತೇರಮ್ಮ ಕೂಸಿನ ಹೊಟ್ಟೆ ಮುಟ್ಟಿ ನೋಡಿದವರೇ ಡಾಕ್ಟರಿಗೆ ಹೇಳಿ ಕಳಿಸಿದರು. ದಾನೇಶ್ವರಿ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಇನ್ನೊಂದೈತ್ರಿ ಅಕ್ಕಾರ. ಈ ದೀಪದ ಪಟ್ಟಿ ಸರದೈತಿ, ಹಸರ ಕಾಣತೈತಿ. ಹತ್ತಕ್ಕ ನನಗ ಅನುಮಾನ ಬಂದಿತ್ತು. ದೀಪ ಹಸರ ಐತಲ್ಲ ಅಂತ ಒಂದು ತಾಸು ಸುಮ್ನ ಕುಂತೆ. ಆ ತಾಸು ನನ್ನ ತಪ್ಪು."

ಸ್ವಂತ ಬಾಯಿಂದ ತನ್ನ ಕೆಲಸಕ್ಕೆ ಕಲ್ಲು ಹಾಕಿಕೊಂಡಳು. ನಾನು ಜಾಳಿಗೆ ಕೆಳಗಿಟ್ಟು ಎದ್ದೆ. ಪಟ್ಟಿ ಸರಿದದ್ದಲ್ಲ, ನಾನೇ ಸರಿಸಿದ್ದು ಅಂದೆ. ಎಸ್ತೇರಮ್ಮ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಆಕಿಗೆ ದೀಪ ತೋರಸೀನಿ ಅಂತ ತಿಳದೇನು? ಕಣ್ಣಿಗೆ ಬಟ್ಟಿ ಕಟ್ಟೀದಿ, ನಿಜಗುಣಿ."

ಕರುಳಿಗೆ ಬಾವು ಬರಲು ಶುರುವಾಗಿತ್ತು ಅಂತ ಡಾಕ್ಟರು ಹೇಳಿದರು. ಹಾಲು ನಿಲ್ಲಿಸಿ ಔಷಧ ಕೊಟ್ಟರು. ಗೂಡಿನ ದೀಪ ಹಳದಿಯಾದದ್ದು ಅದಾದ ಮುಕ್ಕಾಲು ತಾಸಿಗೆ. ಇಪ್ಪತ್ತಾರು ವರ್ಷ ಆ ದೀಪಗಳನ್ನು ಒರೆಸಿ, ತಿದ್ದಿ, ನಂಬಿದವನು ನಾನು. ಇಪ್ಪತ್ತೆರಡರ ಹುಡುಗಿಯ ಬೆರಳು ಅದಕ್ಕಿಂತ ಮೊದಲು ಕಂಡುಹಿಡಿದಿತ್ತು. ನಾಚಿಕೆಯ ನಡುವೆಯೂ ನನಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ನರ್ಸುಗಳೆಲ್ಲ ಕೂತು ಮಾತಾಡಿದರು. ಹೊರಗಿನವರ ನೆರವು ಸೇರಿದ ಪಾಳಿ ರದ್ದು, ನಿಯಮದಲ್ಲಿ ಎರಡು ಮಾತಿಲ್ಲ. ಕೂಸು ಉಳಿಸಿದ್ದಕ್ಕೆ ಕೆಲಸ ಕೊಟ್ಟುಬಿಡೋಣ ಅಂತ ಕೆಲವರು, ಎರಡೂ ಅವಕಾಶ ಮುಗಿಯಿತು ಅಂತ ಕೆಲವರು. ರದ್ದಾದ ಪಾಳಿ ನಡೆದೇ ಇಲ್ಲ ಅಂದಮೇಲೆ ಅವಳ ಎರಡನೇ ಅವಕಾಶ ಉಳಿದೇ ಇದೆಯಲ್ಲ ಅಂದರಂತೆ ಎಸ್ತೇರಮ್ಮ. ನನ್ನನ್ನು ಮರುದಿನವೇ ಕಣ್ಣಿನ ವಾರ್ಡಿನ ರಿಪೇರಿಗೆ ಹಾಕಿದರು. ತಕರಾರು ಮಾಡಲಿಲ್ಲ. ದಾನೇಶ್ವರಿ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು.

ಒಂಬತ್ತನೇ ದಿನ ಮತ್ತೆ ಮೌನಪಾಳಿ. ಪಟ್ಟಿ ಅಂಟಿಸಿದವರು ಬೇರೆಯವರು. ನಾನು ಹೊರಗೆ ಬೆಂಚಿನ ಮೇಲೆ. ಆಮೇಲೆ ಎಸ್ತೇರಮ್ಮನವರೇ ಹೇಳಿದ್ದು: ಆ ದಿನ ಮೂರು ಕೂಸುಗಳೂ ಹಾಲು ಕುಡಿದವು, ಮಲಗಿದವು, ಒದ್ದೆ ಮಾಡಿಕೊಂಡವು. ಬೇರೇನೂ ಇಲ್ಲ. ಹೋದ ವಾರ ಹೆಸರು ಮಾಡಿದ ಹುಡುಗಿ ಇವತ್ತೂ ಏನಾದರೂ ಹಿಡಿದು ತೋರಿಸುತ್ತಾಳೆ ಅಂತ ಎಲ್ಲರೂ ಕಾದಿದ್ದರು.

"ಏನು ಕಂಡಿ?" ಅಂತ ಕೇಳಿದರಂತೆ.

"ಏನೂ ಇಲ್ರಿ ಅಕ್ಕಾರ. ಮೂರೂ ಆರಾಮ ಅದಾವ."

"ಖಾತ್ರಿ?"

"ಆರು ತಾಸು ಹುಡುಕೀನ್ರಿ. ಇಲ್ಲ."

ಅದಕ್ಕೇ ಕೆಲಸ ಕೊಟ್ಟೆವು ಅಂದರು ಎಸ್ತೇರಮ್ಮ. ಕೆಟ್ಟದ್ದನ್ನು ಕಂಡು ಕೂಗುವವರು ಸಿಗುತ್ತಾರೆ. ತನ್ನ ಕೆಲಸ ತೂಗಾಡುತ್ತಿರುವಾಗಲೂ ಇಲ್ಲದ್ದನ್ನು ಇಲ್ಲ ಎನ್ನುವವರು ವಿರಳ ಅಂದರು.

ಹೊರಗೆ ಬಂದ ದಾನೇಶ್ವರಿ ನನ್ನ ಪಕ್ಕ ಕೂತು ಚಪ್ಪಲಿ ಬಿಟ್ಟು ಪಾದ ತಿಕ್ಕಿಕೊಂಡಳು. "ಮಾಮಾ, ಇನ್ನೊಮ್ಮೆ ನನಗ ಸಹಾಯ ಮಾಡಬೇಕು ಅನಿಸ್ತಂದ್ರ ಬುತ್ತಿ ಕಟ್ಟಿ ಕೊಡು. ಅದಕ್ಕಿಂತ ಜಾಸ್ತಿ ಬ್ಯಾಡ."

ಈಗ ನನ್ನ ಕೋರಿಕೆ. ನಿಮ್ಮ ಕಾಲದಲ್ಲಿ ಇದಕ್ಕೆ ವಶೀಲಿ ಅನ್ನುತ್ತಿದ್ದರಂತೆ. ಪರಿಚಯದವರಿಗೆ ಒಂದು ಫೋನು ಮಾಡಿ ಒಳಗೆ ತೂರಿಸುವುದು. ನಿಮ್ಮ ಮನೆಯಲ್ಲೂ ನನ್ನಂಥ ಒಬ್ಬ ಮಾವ ಇರುತ್ತಾನೆ, ಪ್ರೀತಿ ತಡೆಯಲಾರದೆ ಕೈ ಹಾಕುವವನು. ಈ ಓಲೆಯನ್ನು ಮೊದಲು ಅವನಿಗೆ ಓದಿಸಿ. ಆಮೇಲೆ ಯಾವ ವಾರ್ಡು ಬೇಕೋ ಅದರ ಬಾಗಿಲನ್ನೇ ತಟ್ಟಿ, ಎರಡು ವರ್ಷವಾದ ಮೇಲೆ ಬಾ ಅಂದರೆ ನಾಳೆ ಮತ್ತೆ ತಟ್ಟಿ. ಒಳಗೆ ಹೇಳಲು ಬಾಯಿಲ್ಲದವರು ಮಲಗಿದ್ದಾರೆ. ಮಾವ ಬೆಂಚಿನ ಮೇಲೆ ಕಾಯಲಿ.

ನಿಮ್ಮ,
ನಿಜಗುಣಿ