ಕುಪ್ಪಗಡ್ಡೆಯ ಮೂರು ಕಪಾಟು

ಜುಲೈ 14, ಸೋಮವಾರ

ಸೊರಬದಲ್ಲೇ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಕ್ಕದ್ದಕ್ಕೆ ಬ್ಯಾಗ್ ಇಟ್ಟು ಶಿರಾಳಕೊಪ್ಪದವರೆಗೂ ಕಾಯ್ದೆ. ಹುಮೇರಾ ಹತ್ತೋದು ಅಲ್ಲೇ. ಅವಳು ಎಂ.ಎಸ್ಸಿ. ಫಿಸಿಕ್ಸ್, ಪ್ರದೀಪ್ ಎಂ.ಸಿ.ಎ., ನಾನು ಎಂ.ಕಾಂ. — ನಲವತ್ತನಾಲ್ಕನೇ ವಯಸ್ಸಿಗೆ. ಈ ಸೆಮಿಸ್ಟರ್‌ನಲ್ಲಿ ಬೇರೆ ಬೇರೆ ವಿಭಾಗದವರು ಒಂದು ತಂಡವಾಗಿ ಸಮಸ್ಯೆ ಹುಡುಕಬೇಕು, ಸಂಶೋಧನೆ ಮಾಡಬೇಕು, ಕೊನೆಗೆ ಜನ ಕೊಳ್ಳುವಂಥ ವಸ್ತುವೊಂದು ಕೈಯಲ್ಲಿರಬೇಕು. ಗೈಡ್ ಮಹಾಂತೇಶ ಸರ್ ನನಗಿಂತ ಚಿಕ್ಕವರು. ನನ್ನನ್ನು ಬಯ್ಯಬೇಕಾದಾಗ ಪ್ರದೀಪನನ್ನು ಬಯ್ಯುತ್ತಾರೆ.

ನಮ್ಮದು ಬಟ್ಟೆ ಒಣಗಿಸುವ ಕಪಾಟು. ಬಚ್ಚಲ ಒಲೆ ಹೇಗೂ ದಿನಾ ಉರಿಯುತ್ತೆ. ಅದರ ಬಿಸಿ ಗೋಡೆಯಾಚೆಯ ತಗಡಿನ ಕಪಾಟಿಗೆ ಹೋದರೆ ಮಕ್ಕಳ ಯೂನಿಫಾರ್ಮ್ ಬೆಳಗಾಗುವಷ್ಟರಲ್ಲಿ ಒಣಗಿರುತ್ತೆ. ಹೊಗೆ ವಾಸನೆಯೂ ಇಲ್ಲ. ಮಾಡಿಕೊಟ್ಟವರು ಹುಮೇರಾಳ ಅಬ್ಬಾ, ಶಿರಾಳಕೊಪ್ಪದ ಟ್ರಂಕಿನಂಗಡಿಯ ಮುನಾಫ್ ಸಾಹೇಬರು. ಕುಪ್ಪಗಡ್ಡೆಯ ಮೂರು ಮನೆಗೆ ಕೂರಿಸಿ ಬಂದಿದ್ದೇವೆ.

ಆಯ್ಕೆಯಾದ ತಂಡಕ್ಕೆ ಒಂದು ವರ್ಷ ಫೆಲೋಶಿಪ್. ಸಿಗದಿದ್ದರೆ ಹುಮೇರಾ ರಾಣೆಬೆನ್ನೂರಿನ ಶಾಲೆಗೆ ಟೀಚರಾಗಿ ಹೋಗಬೇಕು, ಮನೆಯವರು ಮಾತಾಡಿ ಇಟ್ಟಿದ್ದಾರೆ. ಅವಳಿಗೆ ಬೇಕಾಗಿರೋದು ಕಪಾಟು ಮಾಡೋದು. ನನಗೇನು ಬೇಕು? ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

ಜುಲೈ 26, ಶನಿವಾರ

ಮಳೆಗೆ ಶಾಲೆಗಳಿಗೆ ರಜೆ ಕೊಟ್ಟ ವಾರ. ಪ್ರದೀಪ್ ಲ್ಯಾಪ್‌ಟಾಪ್ ತಿರುಗಿಸಿ ಗ್ರಾಫ್ ತೋರಿಸಿದ. ಕಪಾಟಿನ ಬಾಗಿಲಿಗೆ ಅವನದೇ ಸೆನ್ಸರ್. ಯಾವಾಗ ತೆರೆದರು, ಯಾವಾಗ ಮುಚ್ಚಿದರು, ಎಲ್ಲ ಬರುತ್ತೆ. ಆ ಮೂರರಲ್ಲಿ ವರದಮ್ಮನವರ ಮನೆಯದು ರಜೆಯಲ್ಲೂ ತೆರೆದಿದೆ — ಅದೂ ಮನೆಯವರೆಲ್ಲ ಮಲಗಿದ ಮೇಲೆ, ಮತ್ತೆ ಬೆಳಗ್ಗೆ ಎಲ್ಲರೂ ಏಳುವ ಮೊದಲು.

ಶಾಲೆಗೇ ರಜೆ, ಯೂನಿಫಾರ್ಮ್ ಯಾರು ಒಗೀತಾರೆ ಆಂಟಿ, ಅಂದ. ಸೆನ್ಸರ್ ಕೆಟ್ಟಿರಬೇಕು ಅಂದೆ. ಅವನ ಮುಖ ಸಣ್ಣಗಾಯಿತು. ಬೇರೆಯವರ ಕೆಲಸದ ಮೇಲೆ ಇಷ್ಟು ಬೇಗ ತಪ್ಪು ಹೊರಿಸೋದು ಯಾಕೆ ನಾನು?

ಜುಲೈ 29, ಮಂಗಳವಾರ

ಮೂವರೂ ಕುಪ್ಪಗಡ್ಡೆಗೆ. ವರದಮ್ಮ ಕಾಫಿ ಕೊಟ್ಟರು. ಪ್ರದೀಪ್ ಸೆನ್ಸರ್ ಬಿಚ್ಚತೊಡಗಿದಾಗ, ಹಿತ್ತಿಲ ಕಡೆ ಕೊಳವೆ ಸಡಿಲವಾಗಿದೆ, ನೋಡಪ್ಪ, ಅಂತ ಅವನನ್ನು ಆಚೆ ಕಳಿಸಿದರು. ಕೊಳವೆಗೆ ಏನೂ ಆಗಿರಲಿಲ್ಲ.

"ಕೆಳಗೊಂದು ಬೇರೆ ಅರೆ ಮಾಡ್ಸಿಕೊಡಿ ಅಕ್ಕ. ಅದಕ್ಕೊಂದು ಬೀಗ."

ಯಾಕೆ ಅಂತ ನಾನೇ ಕೇಳಿದೆ, ದಡ್ಡಿಯ ಹಾಗೆ. ಹುಮೇರಾ ನನ್ನ ಮೊಣಕೈ ಒತ್ತಿದಳು.

ತಿಂಗಳಿನ ಬಟ್ಟೆ. ಮನೆ ತುಂಬಾ ಗಂಡಸರು. ಇಷ್ಟು ವರ್ಷ ಸೀರೆಯಡಿ ಹರವಿ ಅರೆ ಒದ್ದೆಯಲ್ಲೇ ಮತ್ತೆ ಉಪಯೋಗಿಸಿದ್ದು. ಮಗಳು ನಯನಾಗೆ ಹೋದ ವರ್ಷ ಕೆರೆತ, ಹುಣ್ಣು. ಪ್ಯಾಡ್ ತರ್ತಾರೆ, ಮಳೆಗಾಲದಲ್ಲಿ ಎಸೆಯೋದೆಲ್ಲಿ, ಸುಡೋದೆಲ್ಲಿ. ಈ ತಿಂಗಳು ಮೊದಲ ಸಲ ಬೆಚ್ಚಗೆ, ಗರಿಗರಿಯಾಗಿ ಒಣಗಿತಂತೆ. ಉಳಿದೆರಡು ಮನೆಯಲ್ಲೂ ಅದೇ.

"ಯಾರಿಗೂ ಹೇಳ್ಬೇಡಿ ಮತ್ತೆ. ಮೂರು ಮನೆ ಯಾವುದು ಅಂತ ಊರಿಗೇ ಗೊತ್ತು."

ಹೇಳೋಲ್ಲ ಅಂದೆ.

ಆಗಸ್ಟ್ 2

ಅಬ್ಬಾಗೆ ಏನಂತ ಹೇಳೋದು ಅಂತ ಬಸ್ಸಲ್ಲಿ ಪೂರಾ ಹುಮೇರಾಳ ಚಿಂತೆ. ಅಂಗಡಿಯಲ್ಲಿ, ಬೇರೆ ಅರೆ, ಬೀಗ, ಅಂತಷ್ಟೇ ಹೇಳಿದೆವು. ಸಾಹೇಬರು ಕತ್ತರಿ ಕೆಳಗಿಟ್ಟರು.

"ಮೊದ್ಲೇ ಹೇಳಬಾರ್ದಾ ಬೇಟಾ? ಬೀಗ ಇಲ್ದೆ ಪೆಟ್ಟಿಗೆ ಕೊಟ್ರೆ ನನ್ನ ಅಂಗಡಿ ಹೆಸರೇನಾಗ್ಬೇಕು?"

ಅಷ್ಟೇ. ಯಾಕೆ ಅಂತ ಕೇಳಲೇ ಇಲ್ಲ. ನಮಗೆ ಚಹಾ ಹೇಳಿ ಅಳತೆ ಹಾಕಲು ಕೂತರು.

ಆಗಸ್ಟ್ 17

ಬುಧವಾರ ಫೆಲೋಶಿಪ್ ರಿವ್ಯೂ. ಸ್ಲೈಡ್ ನನ್ನ ಪಾಲು. ನಡುವೆ ಒಂದು ಸೇರಿಸಿದೆ: ಮೆನ್‌ಸ್ಟ್ರುವಲ್ ಹೈಜೀನ್. ಎಷ್ಟು ಸಲೀಸಾಗಿ ಟೈಪ್ ಆಯಿತು. ಕನ್ನಡದಲ್ಲಾದರೆ ಬೆರಳು ತಡೆಯುತ್ತಿತ್ತು. ಕಾನ್ವೆಂಟಲ್ಲಿ ಕಲಿತ ಅಭ್ಯಾಸವೋ ಏನೋ, ಇಂಗ್ಲಿಷಲ್ಲಿ ಹೇಳಿದರೆ ಯಾರ ಬಗ್ಗೆಯೂ ಹೇಳಿದ ಹಾಗೆ ಅನ್ನಿಸೋದೇ ಇಲ್ಲ.

ಈ ಸ್ಲೈಡ್ ಇದ್ದರೆ ಆಯ್ಕೆ ಖಂಡಿತ. ಹುಮೇರಾಳ ಒಂದು ವರ್ಷ. ಹೆಸರು ಹಾಕಿಲ್ಲವಲ್ಲ... ಆದರೆ ಎರಡನೇ ಸ್ಲೈಡಲ್ಲಿ ಊರ ಹೆಸರಿದೆ, ಮೂರು ಮನೆಯ ಫೋಟೊ ಇದೆ.

ಅಳಿಸಲಿಲ್ಲ. ಹೈಡ್ ಮಾಡಿ ಇಟ್ಟೆ.

ಆಗಸ್ಟ್ 20, ಬುಧವಾರ

ಶಿವಮೊಗ್ಗದಿಂದ ಬಂದಿದ್ದ ಮೇಡಂ ಒಳ್ಳೆಯ ಪ್ರಶ್ನೆ ಕೇಳಿದರು. ಬರೀ ಯೂನಿಫಾರ್ಮಿಗೆ ಇಷ್ಟು ದೊಡ್ಡ ಕಪಾಟು ಯಾರು ಕೊಳ್ತಾರೆ? ಬೇರೆ ಉಪಯೋಗ ಇಲ್ಲವೇ? ಮೌಸ್ ನನ್ನ ಕೈಯಲ್ಲಿತ್ತು. ಹುಮೇರಾ ನನ್ನ ಕಡೆ ತಿರುಗದೆಯೇ ಹೇಳಿದಳು:

"ಇದೆ ಮೇಡಂ. ಹೇಳೋದಕ್ಕೆ ನಮಗೆ ಪರ್ಮಿಷನ್ ಇಲ್ಲ."

ಯಾರೋ ನಕ್ಕರು. ಮಹಾಂತೇಶ ಸರ್ ನೆಲ ನೋಡಿದರು. ಬೇಡಿಕೆ ಇದೆ ಅನ್ನೋದಕ್ಕೆ ಸಾಕ್ಷಿ ಸಾಲದು, ಈ ಸಲ ಆಗೋಲ್ಲ, ಅಂದರು ಮೇಡಂ. ದನಿಯಲ್ಲಿ ಕೋಪ ಇರಲಿಲ್ಲ.

ಅವಳು ಬಾಯಿ ತೆರೆಯದಿದ್ದರೆ ನಾನು ಆ ಸ್ಲೈಡ್ ತೆರೆಯುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಚುಚ್ಚುತ್ತಿದೆ.

ಬಸ್‌ಸ್ಟ್ಯಾಂಡಲ್ಲಿ ಪ್ರದೀಪ್ ಮೆಲ್ಲಗೆ, ರಜೆ ವಾರದ ಗ್ರಾಫ್ ಹಾಕಲಿಲ್ಲ ಆಂಟಿ, ಅಂದ. ಯಾಕೆ ಅಂದೆ.

"ನನಗೂ ಇಬ್ರು ಅಕ್ಕಂದಿರು ಇದಾರೆ. ಕೊಳವೆ ನೋಡು ಅಂದಾಗ್ಲೇ ಗೊತ್ತಾಯ್ತು."

ಹುಮೇರಾ ದುಪಟ್ಟಾದಲ್ಲಿ ಮುಖ ಮುಚ್ಚಿ ನಕ್ಕಳು. ಮೂವರಲ್ಲಿ ಕೊನೆಗೆ ತಿಳಿದವಳು ನಾನೇ.

ಆಗಸ್ಟ್ 23

ಒಬ್ಬಳೇ ಹೋಗಿದ್ದೆ. ನಡೆದದ್ದೆಲ್ಲ ವರದಮ್ಮನಿಗೆ ಹೇಳಿದೆ. ಸ್ಲೈಡಿನ ವಿಷಯವನ್ನೂ. ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು.

"ಮೂರು ಮನೆ ಆದ್ರೆ ನಾವೇ ಅಂತ ಗೊತ್ತಾಗ್ತದೆ. ಕೇರಿ ತುಂಬಾ ಇಟ್ರೆ ಯಾರ್ದು ಅಂತ ಹೇಳೋದು? ಆಗ ಬೇಕಾದ್ರೆ ನಿಮ್ಮ ಮೈಕಲ್ಲೇ ಹೇಳಿ."

ಮೂವತ್ತೊಂದರ ಭಾನುವಾರ ಅವರ ಸ್ತ್ರೀಶಕ್ತಿ ಸಂಘದ ಸಭೆ. ನಾನು ಮಾತಾಡಲಾ ಅಂತ ಕೇಳಿದೆ. ನೀವು ಬೇಡ, ನಿಮ್ಮದು ಪುಸ್ತಕದ ಮಾತು, ಅಂದರು. ಬೇಜಾರಾಗಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಹಗುರ.

ಆಗಸ್ಟ್ 31, ಭಾನುವಾರ, ಸಂಜೆ

ಈಗ ಬಂದೆ. ಇವರು ಚಹಾ ಮಾಡಿಟ್ಟಿದ್ದಾರೆ, ಸಕ್ಕರೆ ಜಾಸ್ತಿ. ಇರಲಿ.

ಹದಿನೇಳು ಮನೆಯವರು ಕಪಾಟು ಬೇಕು ಅಂದರು. ಸಂಘದಿಂದ ಸಾಲ ಕೊಡಲು ಒಪ್ಪಿಗೆ ಆಯಿತು. ಹುಮೇರಾ ದಾರಿಯಲ್ಲೇ ಅಬ್ಬಾಗೆ ಫೋನ್ ಮಾಡಿದಳು. ಮೊದಲು ತಗಡಿನ ವಿಷಯ, ಆಮೇಲೆ ರಾಣೆಬೆನ್ನೂರಿಗೆ ಹೋಗೋಲ್ಲ ಅನ್ನೋದು. ಅದಕ್ಕೆ ಸಾಹೇಬರು, ಬೀಗ ಹದಿನೇಳಾ, ಒಂದೆರಡು ಜಾಸ್ತಿ ತರ್ಲಾ, ಅಂದರಂತೆ.

ಫೆಲೋಶಿಪ್ ಇಲ್ಲ. ಮುಂದಿನ ವರ್ಷ ನೋಡೋಣ, ಈಗ ಟೈಮಿಲ್ಲ, ಅಂತಾನೆ ಪ್ರದೀಪ್. ನನಗೇನು ಬೇಕಿತ್ತು ಅಂತ ಇವತ್ತು ಯೋಚಿಸಲೂ ಇಲ್ಲ.

ಸಭೆಯದು ಬರೆದಿಡಬೇಕು. ಅಂಗನವಾಡಿ ಕೋಣೆ ತುಂಬಿತ್ತು. ಪ್ರದೀಪ್ ತಾನಾಗೇ ಎದ್ದು ಜಗಲಿಗೆ ಹೋದ. ವರದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಯೂನಿಫಾರ್ಮಿನ ಮಾತೇ ಇಲ್ಲ. ಬಾಗಿಲು ಹಾಕ್ರೇ, ಅಂದರು. ಹಾಕಿದರು. ಆಮೇಲೆ ಅವರು ಹೇಳಿದ್ದು — ಬೇಡ, ಅದನ್ನು ಬರೆಯೋದಕ್ಕೆ ನನಗೆ ಪರ್ಮಿಷನ್ ಇಲ್ಲ.