ಅಂಗಡಿಯ ಮೂರು ಇಂಚು, ನಿಮ್ಮ ಮೂರು ಇಂಚು

ಮಲ್ಪೆಯ ಬಲೆ ಶೆಡ್ಡಿನಲ್ಲಿ ಕೂತು ಇದನ್ನು ಓದುವ ಮಾವನಿಗೆ, ಕಮಲಾಕ್ಷನ ನಮಸ್ಕಾರ.

ಶುಕ್ರವಾರ ಮಧ್ಯಾಹ್ನ ಉಂಡು ಮಲಗಿದವನಿಗೆ ಒಂದು ಕೆಟ್ಟ ಕನಸು ಬಿತ್ತು ಮಾವ. ನೀವೂ ನಾನೂ ದೋಣಿಯಲ್ಲಿ ನಿಂತು ಬಲೆ ಎಳೆಯುತ್ತಿದ್ದೆವು. ಬಲೆಯಲ್ಲಿ ಮೀನಿರಲಿಲ್ಲ. ಕೆಂಪು ಹೊಲಿಗೆಯ ಬಿಳಿ ಚೆಂಡುಗಳು. ಎಳೆದಂತೆಲ್ಲ ಒಂದೊಂದೇ ಜಾರಿ ಹೊರಬಿದ್ದು, ದಡದಲ್ಲಿ ಕುರ್ಚಿ ಹಾಕಿ ಕೂತ ಒಬ್ಬ ಮುದುಕಿಯ ಕಡೆ ಹಾರುತ್ತಿದ್ದವು. ನಾನು ಬೊಬ್ಬೆ ಹೊಡೆದೆ. ನೀವು ಮಾತ್ರ ಬಾಯಲ್ಲಿ ಬೀಡಿ ಇಟ್ಟುಕೊಂಡು "ಆಯ್ತು ಆಯ್ತು, ಎಳಿ" ಎನ್ನುತ್ತಿದ್ದಿರಿ.

ನಿಮ್ಮ ಆ "ಆಯ್ತು ಆಯ್ತು" ಉಂಟಲ್ಲ, ಅದಕ್ಕೆ ಹೆದರಿಯೇ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ತಪ್ಪಿದ್ದರೆ ಬೈಯಬೇಡಿ. ಬಿಡಿಸಿ ಬಲೆಯ ಮುಂದೆ ಕೂರಿಸಿದವರು ನೀವೇ.

ನಾನು ಇಲ್ಲಿ ಡ್ರೈವರ್ ಆಗಿರುವ ಅರಬರ ಮನೆಯ ಯಜಮಾನರು, ನಾವು ಬಾಬಾ ಎನ್ನುವವರು, ಅವರ ಮಗಳು ದಾನಾ. ಹನ್ನೆರಡು ವರ್ಷ. ಶಾಲೆಯಲ್ಲಿ ಬೇಸ್‌ಬಾಲ್ ಆಡುತ್ತಾಳೆ. ನಮ್ಮ ಕ್ರಿಕೆಟಿನಂಥದೇ, ಆದರೆ ಬ್ಯಾಟು ಒನಕೆಯ ಹಾಗೆ ದುಂಡಗಿರುತ್ತದೆ, ಚೆಂಡು ಕಲ್ಲಿನಷ್ಟು ಗಟ್ಟಿ. ಮುಂದಿನ ತಿಂಗಳು ತಂಡದ ಆಯ್ಕೆ. ಮನೆಯಂಗಳದಲ್ಲೇ ಹೊಡೆದು ಕಲಿಯಲು ಬಲೆಯ ಗೂಡು ಬೇಕೆಂದಳು. ಬಾಬಾ ನನ್ನನ್ನು ಕರೆದು, "ಕಮಾಲ್, ನೀನು ಮೀನುಗಾರರ ಮನೆಯವನು, ನೀನೇ ಆರಿಸು" ಎಂದರು. ಹದಿನೆಂಟು ವರ್ಷದಲ್ಲಿ ಈ ಮನೆಯಲ್ಲಿ ನನಗೆ ಯಾರೂ ಆರಿಸು ಎಂದದ್ದಿಲ್ಲ. ಎಡಕ್ಕೆ ತಿರುಗಿಸು, ಇಲ್ಲಿ ನಿಲ್ಲಿಸು, ಯಲ್ಲಾ ಹೊರಡು, ಇಷ್ಟೇ.

ಹಾಗಾಗಿ ನಾನು ತಲೆ ಕೆಡಿಸಿಕೊಂಡೆ. ಡೇರೆಯ ಹಾಗೆ ಮಡಚುವ ಗೂಡು ಒಂದಿತ್ತು. ಧೂಳುಗಾಳಿ ಎದ್ದರೆ ಅದು ಪಕ್ಕದ ಮನೆಯ ತಾರಸಿಯ ಮೇಲಿರುತ್ತದೆ. ಕಬ್ಬಿಣದ ಪೈಪಿನದು ಗಟ್ಟಿ, ಆದರೆ ಅಂಗಳದ ಟೈಲ್ಸ್ ಕೊರೆಯಲು ಯಜಮಾನಿ ಬಿಡುವುದಿಲ್ಲ. ಮೂರನೆಯದು, ಮನೆಗೋಡೆಯಿಂದ ಕಾಂಪೌಂಡಿಗೆ ಉಕ್ಕಿನ ಹಗ್ಗ ಬಿಗಿದು ಬಲೆ ಇಳಿಬಿಡುವುದು, ಪರದೆಯಂತೆ ಸರಿಸಲೂ ಬರುತ್ತದೆ. ಹಗ್ಗ, ಬಲೆ. ಇದು ನನಗೆ ಗೊತ್ತಿರುವ ಸಂಗತಿ ಎಂದುಕೊಂಡೆ. ನನ್ನ ಸೊಕ್ಕು.

ನಮ್ಮ ಉಳ್ಳಾಲದ ಅಲಿಕುಂಞಿಯವರದು ಇಲ್ಲಿ ಆಟದ ಸಾಮಾನಿನ ಅಂಗಡಿ. ಬಲೆಯ ಕಣ್ಣು ಎಷ್ಟಿರಬೇಕು ಎಂದು ಅವರು ಕೇಳಿದಾಗ ಅಲ್ಲಿಂದಲೇ ನಿಮಗೆ ಫೋನು ಮಾಡಿದೆ. ನೆನಪುಂಟಾ? ಮೂಸಂಬಿಯಷ್ಟು ಚೆಂಡು ಎಂದೆ. "ಮೂರು ಇಂಚು ಸಾಕು ಮಾರಾಯ, ಈಗ ಇಡು, ಬೋಟು ಬಂತು" ಎಂದಿರಿ. ಬೋಟು ಎರಡು ನಿಮಿಷ ಕಾಯುತ್ತಿರಲಿಲ್ಲವೇ ಮಾವ?

ಬಲೆ ಬಂತು, ಕಟ್ಟಿದೆ. ಬಾಬಾರ ತಾಯಿ ಮೊಮ್ಮಗಳ ಆಟ ನೋಡಬೇಕೆಂದರು. ಬಲೆಯ ಹಿಂದೆ ಅವರಿಗೆ ಕುರ್ಚಿ ಇಟ್ಟವನು ನಾನೇ. ಹೆದರಬೇಡಿ, ಬಲೆ ಉಂಟಲ್ಲ ಎಂದವನೂ ನಾನೇ. ಹತ್ತು ಹೊಡೆತ ಬಲೆ ತಡೆಯಿತು. ಹನ್ನೊಂದನೆಯದು ಬಲೆಯ ಕಣ್ಣಿನೊಳಗಿಂದ ಸಲೀಸಾಗಿ ತೂರಿ, ಅಜ್ಜಿಯ ಮೊಣಕೈ ಪಕ್ಕದಲ್ಲಿದ್ದ ಚಹಾದ ಫ್ಲಾಸ್ಕನ್ನು ಉರುಳಿಸಿತು. ಒಂದು ಗೇಣು ಈಚೆ ಬಂದಿದ್ದರೆ?

"ಕಮಾಲ್, ನೀನು ಮೀನು ಹಿಡಿದದ್ದೆಲ್ಲ ಸುಳ್ಳಾ?" ಎಂದಳು ದಾನಾ. ಅಲಿಕುಂಞಿ ಬೇರೆ, "ನೀವು ಬಲೆಯವರಲ್ವಾ ಕಮಲಣ್ಣ, ನೀವು ಹೇಳಿದ ಮೇಲೆ ನಾನು ಎಂಥ ಕೇಳುವುದು?" ಎಂದು ಕೈ ತೊಳೆದುಕೊಂಡರು. ಆಮೇಲೆ ಸ್ಕೇಲು ಇಟ್ಟು ತೋರಿಸಿದರು. ನಾವು ಕಣ್ಣಿನ ಎದುರುಬದುರು ಗಂಟುಗಳನ್ನು ಪೂರ್ತಿ ಎಳೆದು ಹಿಡಿದು ಅಳೆಯುತ್ತೇವೆ. ಅಂಗಡಿಯವರು ಚೌಕದ ಒಂದು ಬದಿ ಮಾತ್ರ ಅಳೆಯುತ್ತಾರೆ. ಅವರ ಮೂರು ಎಂದರೆ ನಮ್ಮ ಆರು! ಬಂಗುಡೆ ಸಂಸಾರ ಸಮೇತ ದಾಟಬಹುದು. ಚೆಂಡಿನ ಅಗಲ ಅಂಗಡಿಯ ಮೂರು ಇಂಚಿಗೆ ಕೂದಲೆಳೆಯಷ್ಟು ಕಡಿಮೆ.

ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎರಡು ದಿನ ನಿಮ್ಮ ಫೋನು ಎತ್ತಲಿಲ್ಲ. ಆದರೆ ನಿಜ ಹೇಳುತ್ತೇನೆ. ನೀವು ನಿಮ್ಮ ಅಳತೆ ಹೇಳಿದಿರಿ. ಆ ಅಳತೆಯನ್ನು ನನ್ನ ಬೆರಳಿಗೆ ಕಲಿಸಿದವರೂ ನೀವೇ, ಮರೆತವನು ನಾನು. ಈ ಅಳತೆ ಯಾರು ಕೊಟ್ಟದ್ದು ಎಂದು ಬಾಬಾ ಕೇಳಿದಾಗ ನಿಮ್ಮ ಹೆಸರು ನಾಲಗೆ ತುದಿಗೆ ಬಂದಿತ್ತು. ನಾನೇ ಎಂದುಬಿಟ್ಟೆ. ಉಪಕಾರ ಎಂದುಕೊಳ್ಳಬೇಡಿ, ಸಿಟ್ಟು ಇನ್ನೂ ಇಳಿದಿಲ್ಲ.

ಅಜ್ಜಿ "ಖಲಾಸ್, ಆಟ ಬೇಡ" ಎಂದರು. ದಾನಾ ಅನ್ನ ಬಿಟ್ಟು ಅತ್ತಳು. ಕೊನೆಗೆ ಅಜ್ಜಿಯದೇ ತೀರ್ಪು: ಹೊಸ ಬಲೆ ತರಲಿ, ಮೊದಲ ದಿನ ಆ ಕುರ್ಚಿಯಲ್ಲಿ ಕಮಾಲ್ ಕೂರಲಿ. ಬಾಬಾ ನಕ್ಕರು. ನನಗೆ ನಗು ಬರಲಿಲ್ಲ.

ಅಂಗಡಿಗೆ ಸರಿಯಾದ ಬಲೆ ಬರಲು ಎರಡು ತಿಂಗಳಂತೆ. ಅಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ. ಹಾಗಾಗಿ ರಜೆಗೆ ಊರಿಗೆ ಬರುವ ಪಡುಕೆರೆಯ ವಿವೇಕನ ಕೈಯಲ್ಲಿ ಈ ಕಾಗದ, ಒಂದು ಚೆಂಡು, ಗೂಡಿನ ಉದ್ದಗಲದ ಚೀಟಿ ಕಳಿಸಿದ್ದೇನೆ. ಹತ್ತು ದಿನದಲ್ಲಿ ಅವನು ವಾಪಸು ಹೊರಡುತ್ತಾನೆ. ದಪ್ಪ ನೂಲಿನ ಬಲೆ, ನಿಮ್ಮ ಲೆಕ್ಕದ ಮೂರು ಇಂಚು, ನೀವೇ ನಿಂತು ಕತ್ತರಿಸಿ ಅಂಚಿಗೆ ಹಗ್ಗ ಹಾಕಿಸಿ. ವಿವೇಕನ ಅಮ್ಮನಿಗೆ ಹೇಳಿ, ಈ ಸಲ ಪೆಟ್ಟಿಗೆಗೆ ಉಪ್ಪಿನಕಾಯಿ ಬೇಡ, ತೂಕ ಹೆಚ್ಚಾದರೆ ವಿಮಾನದವರು ನಮ್ಮ ಬಲೆಯನ್ನೇ ಬಿಟ್ಟು ಬಾ ಎನ್ನುತ್ತಾರೆ.

ಬೀಡಿ ಕಡಿಮೆ ಮಾಡಿ. ಕಡಲು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಕೈಯಲ್ಲಿ ಗಂಟು ಹಾಕಲು ಕಲಿತು, ಅಳೆಯಲು ಮರೆತ ಅಳಿಯ,
ಕಮಲಾಕ್ಷ

ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಮತ್ತೆ ಬಿಡಿಸಿದೆ. ಎರಡು ತುಂಡು ಸೇರಿಸುವಾಗ, ಬೇಗ ಮುಗಿಯಲೆಂದು ನೀವು ನಡುವೆ ಒಂದು ಗಂಟು ಬಿಟ್ಟು ಹೋಗುವುದುಂಟು. ಮೀನಿಗೆ ಅದು ನಡೆಯುತ್ತದೆ. ಆ ಸೇರಿಕೆಯ ಉದ್ದಕ್ಕೂ, ಮೇಲಿಂದ ಕೆಳಗಿನವರೆಗೆ, ಚೆಂಡನ್ನು ಹೆಬ್ಬೆರಳಿನಿಂದ ಒತ್ತಿ ಇನ್ನೊಮ್ಮೆ ನೋಡಿಬಿಡಿ ಮಾವ. ಕುರ್ಚಿಯಲ್ಲಿ ಕೂರುವವನು ನಾನು.